ಗಾಜಿನ ಮೇಲಿನ ಹಳದಿ ಗೆರೆ

"ಬಾಗಿಲು ತೆಗೀರಿ!"

"ಆಗಲ್ಲ."

"ನಮ್ಮಮ್ಮ ಒಳಗಿದ್ದಾರೆ ಕಣ್ರೀ!"

"ಇಲ್ಲಿ ಎಲ್ಲರ ಅಮ್ಮಂದಿರೂ ಒಳಗೇ ಇದ್ದಾರೆ."

ಅಂದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ... ಆದರೆ ಬೆಳಗಿನಿಂದ ಅದೇ ಬಾಗಿಲ ಹಿಂದೆ ನಿಂತು, ಬಂದವರಿಗೆಲ್ಲ ಅದೇ ಮಾತು ಹೇಳಿ ಅವಳ ನಾಲಿಗೆ ಒಣಗಿಹೋಗಿತ್ತು.

ಬಾಗಿಲಲ್ಲಿದ್ದ ಪುಟ್ಟ ಗಾಜಿನ ಕಿಂಡಿಯ ಆಚೆ ಅವನು ಏದುಸಿರು ಬಿಡುತ್ತಾ ನಿಂತಿದ್ದ. ಮಾಸ್ಕ್ ಮೂಗಿನಿಂದ ಜಾರಿ ಗಲ್ಲಕ್ಕೆ ಬಂದಿತ್ತು. ಕಿಂಡಿಯ ಮೇಲೆ ಒತ್ತಿಟ್ಟಿದ್ದ ಅಂಗೈಯಲ್ಲಿ ಅಡ್ಡಾದಿಡ್ಡಿ ಹಳೆಯ ಗಾಯದ ಗುರುತುಗಳು.

"ಮೊದಲು ಮಾಸ್ಕ್ ಮೇಲೆ ಎಳ್ಕೊಳ್ಳಿ," ಎಂದಳು.

"ಎಳ್ಕೊಂಡ್ರೆ ಬಿಡ್ತೀರಾ?"

"ಇಲ್ಲ."

"ಮತ್ತೆ?"

"ಎಳ್ಕೊಂಡ್ರೆ ಮಾತಾಡ್ತೀನಿ. ಇಲ್ಲಾಂದ್ರೆ ಅದೂ ಇಲ್ಲ."

ಅವನು ಒಂದು ಕ್ಷಣ ಅವಳನ್ನೇ ದುರುಗುಟ್ಟಿ ನೋಡಿ, ಮಾಸ್ಕ್ ಎಳೆದುಕೊಂಡ. ಈಗ ಇಬ್ಬರಿಗೂ ಕಾಣುತ್ತಿದ್ದದ್ದು ಎದುರಿನವರ ಕಣ್ಣು ಮಾತ್ರ. ಅವನ ಕಣ್ಣಲ್ಲಿ ಸಿಟ್ಟಿತ್ತು. ಆ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಅಳು ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಗಬಾರದಿತ್ತು!

ಆ ವೃದ್ಧಾಶ್ರಮದಲ್ಲಿ ಅವಳನ್ನು ಎಲ್ಲರೂ ಕೀಲಿ ಎಂದೇ ಕರೆಯುತ್ತಿದ್ದರು. ಸೊಂಟದಲ್ಲಿ ಸದಾ ಕೀಲಿಗೊಂಚಲು ನೇತಾಡುತ್ತಿದ್ದುದಕ್ಕೆ ಅಲ್ಲಿನ ಹಿರಿಯರು ಇಟ್ಟ ಹೆಸರು. ಊರಲ್ಲಿ ಕಾಯಿಲೆ ಹಬ್ಬಿದ ಮೇಲೆ ಒಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಬಿಡಬೇಕಾದವರು ಯಾರೂ ಇರಲಿಲ್ಲ.

ಹಿಂದೆ ಅವಳು ಹೀಗಿರಲಿಲ್ಲ. ನಗುನಗುತ್ತಾ ಎಲ್ಲರಿಗೂ ತಲೆ ಬಾಚಿ, ಕಥೆ ಕೇಳಿ, ಸುಳ್ಳು ಜಗಳ ಆಡುತ್ತಿದ್ದವಳು. ಆದರೆ ಮೊದಲ ಸಲ ಕಾಯಿಲೆ ಒಳಗೆ ನುಗ್ಗಿದಾಗ, ಹೋದವರ ಸ್ವೆಟರು, ಕನ್ನಡಕ, ಹಲ್ಲಿನ ಸೆಟ್ಟುಗಳನ್ನು ಚೀಲಕ್ಕೆ ತುಂಬಿ ಗಂಟು ಹಾಕಿದ್ದು ಅವಳೇ. ಆ ಚೀಲಗಳ ಜೊತೆ ಅವಳ ನಗುವೂ ಉಗ್ರಾಣ ಸೇರಿತ್ತು.

"ನಾನು ಗಾಜು ಕೂರಿಸೋನು," ಅವನು ಇದ್ದಕ್ಕಿದ್ದಂತೆ ಹೇಳಿದ. "ಮನೆ ಕಿಟಕಿ, ಅಂಗಡಿ ಶೋಕೇಸು, ಎಲ್ಲ. ಈ ಮುಂದಿನ ಕೋಣೆ ಖಾಲಿ ಇದೆಯಲ್ಲ... ಅದರ ಮಧ್ಯೆ ನೆಲದಿಂದ ಸೂರಿನವರೆಗೆ ಒಂದು ಗಾಜು ನಿಲ್ಲಿಸಿದ್ರೆ? ಆ ಕಡೆ ಅವರು, ಈ ಕಡೆ ನಾವು. ಗಾಳಿನೂ ದಾಟಲ್ಲ."

ಅಂದು ಸಂಜೆಯೇ ಅವಳು ಮ್ಯಾನೇಜರ ಮುಂದೆ ನಿಂತು ಈ ಮಾತನ್ನು ಹೇಳಿದ್ದಳು, ಅದೂ ತನ್ನದೇ ಯೋಚನೆ ಎಂಬಷ್ಟು ಹುರುಪಿನಿಂದ!

* * *

ಗಾಜು ಬಂತು.

ಅವನು ಹೊರಗಿನ ಬಾಗಿಲಿಂದ ಬಂದು, ಆ ಕಡೆಯಿಂದಲೇ ಕೂರಿಸಿದ. ಒಳಗೆ ಒಂದು ಹೆಜ್ಜೆಯನ್ನೂ ಅವಳು ಇಡಗೊಡಲಿಲ್ಲ. ಕೆಲಸ ಮುಗಿದ ಮೇಲೆ ಒದ್ದೆ ಕಾಗದದಿಂದ ಒರೆಸಿ ಒರೆಸಿ, ಅಲ್ಲಿ ಗಾಜು ಇದೆಯೋ ಇಲ್ಲವೋ ತಿಳಿಯದ ಹಾಗೆ ಮಾಡಿಬಿಟ್ಟ.

ಗಾಜಿನ ಎರಡೂ ಬದಿಗೆ ಒಂದೊಂದು ಹಳೆಯ ಇಂಟರ್‌ಕಾಮ್ ಫೋನು ಹಾಕಿದ್ದರು. ಅವನು ರಿಸೀವರ್ ಎತ್ತಿ ಹೆಮ್ಮೆಯಿಂದ ಕೇಳಿದ, "ಹೇಗಿದೆ?"

"ಕಾಣ್ತಾನೇ ಇಲ್ಲ."

"ಅದೇ ಕಣ್ರೀ ಒಳ್ಳೇ ಕೆಲಸ ಅಂದ್ರೆ!"

"ವಯಸ್ಸಾದವರು ಬಂದು ಮುಖ ಜಜ್ಜಿಕೊಳ್ತಾರೆ. ಟೇಪು ಹಚ್ಚಿ."

"ಇಷ್ಟು ಚೆನ್ನಾಗಿರೋ ಗಾಜಿಗಾ?"

"ಹಚ್ಚಿ ಅಂದೆ."

ಅವನು ಗೊಣಗುತ್ತಲೇ ಚೀಲದಿಂದ ಹಳದಿ ಟೇಪು ತೆಗೆದು, ಕಣ್ಣಿನ ಎತ್ತರಕ್ಕೆ ತನ್ನ ಬದಿಯಿಂದಲೇ ಅಗಲವಾಗಿ ಒಂದು ಗೆರೆ ಎಳೆದ. ಹಾಗೆ ಎಳೆಯುವಾಗ ಮುಖವನ್ನು ಹಾಗಲಕಾಯಿ ತಿಂದವನಂತೆ ಮಾಡಿಕೊಂಡಿದ್ದ. ಮಾಸ್ಕಿನೊಳಗೆ ಅವಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ...

ಅವನ ಅಮ್ಮ ಜೀವಮಾನವಿಡೀ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ವಿಶಲ್ ಇರಲೇಬೇಕು. ಇತ್ತೀಚೆಗೆ ಮರೆವು ಜಾಸ್ತಿಯಾಗಿತ್ತು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಮೊದಲ ಭೇಟಿಯ ದಿನ ಕಂಡಕ್ಟರಮ್ಮ ಮಗನನ್ನು ನೋಡಿದವರೇ, "ಏನೋ, ಅಂಗಡಿ ಗೊಂಬೆ ಹಂಗೆ ನಿಂತಿದ್ದೀಯ! ಒಳಗೆ ಬಾ," ಎಂದರು.

ಕೀಲಿ ಅವರ ಕಿವಿಗೆ ರಿಸೀವರ್ ಹಿಡಿದಳು.

"ಗಾಜಿದೆ ಅಮ್ಮ."

"ಎಲ್ಲಿದೆಯೋ? ನಂಗೇನೂ ಕಾಣ್ಸಲ್ಲ."

"ಆ ಹಳದಿ ಗೆರೆ ಕಾಣುತ್ತಲ್ಲ? ಅದು ಇರೋವರೆಗೂ ಗಾಜಿದೆ ಅಂದ್ಕೋ. ಗೆರೆ ಹೋದ ದಿನ ಗಾಜೂ ಹೋಗಿರುತ್ತೆ. ಅವತ್ತು ನಿನ್ನ ಗಟ್ಟಿಯಾಗಿ ತಬ್ಕೋತೀನಿ!"

ಕಂಡಕ್ಟರಮ್ಮ ಆ ಗೆರೆಯನ್ನು ತುಂಬ ಹೊತ್ತು ನೋಡಿದರು. ಎಷ್ಟನ್ನೋ ಮರೆಯುತ್ತಿದ್ದ ಆ ತಲೆಯಲ್ಲಿ ಈ ಮಾತು ಮಾತ್ರ ಹೋಗಿ ಗಟ್ಟಿಯಾಗಿ ಕೂತುಬಿಟ್ಟಿತು. ಪ್ರತಿ ಭೇಟಿಗೂ ಬಾಗಿಲಲ್ಲೇ ನಿಂತು ಮೊದಲು ಗೆರೆ ನೋಡುವರು. "ಇದೆಯಲ್ಲೇ ಇನ್ನೂ..." ಎಂದು ನಿಟ್ಟುಸಿರಿಡುವರು. ಆಮೇಲೆ ಕುರ್ಚಿಗೆ ಬಂದು ಕೂರುವರು. ಹೊತ್ತಾದ ಮೇಲೆ ತಾವೇ ಎದ್ದು, "ರೈಟ್!" ಎಂದು ಮಗನನ್ನು ಕಳಿಸಿಕೊಡುವರು.

"ಹಿಂದೆ ಮುಂದೆ ನೋಡದೆ ರೈಟ್ ಅನ್ನಬಾರದು ಕಣೇ ಹುಡುಗಿ," ಒಮ್ಮೆ ಕೀಲಿಗೆ ಹೇಳಿದ್ದರು. "ಡ್ರೈವರಿಗೆ ಹಿಂದಿನ ಬಾಗಿಲು ಕಾಣಲ್ಲ. ನನ್ನ ಬಾಯಿ ನಂಬಿ ಬಸ್ಸು ಬಿಡ್ತಾನೆ. ಹತ್ತೋರ ಕಾಲು ಇನ್ನೂ ಮೆಟ್ಟಿಲ ಮೇಲೇ ಇರುತ್ತೆ."

"ನೀವು ಯಾವತ್ತಾದ್ರೂ ತಪ್ಪಿ ಅಂದಿದ್ರಾ?"

"ಅಂದಿದ್ರೆ ಇಷ್ಟು ನೆಮ್ಮದಿಯಾಗಿ ನಿದ್ದೆ ಬರ್ತಿತ್ತೇನೇ?"

* * *

ಅಮ್ಮ ಎದ್ದು ಹೋದ ಮೇಲೆ ರಿಸೀವರ್ ಒರೆಸಿಡುವುದು ಕೀಲಿಯ ಕೆಲಸ. ಒರೆಸುವ ಮುಂಚೆ "ಹುಷಾರಾಗಿ ಹೋಗಿ" ಎಂದು ಒಂದು ಮಾತು ಹೇಳುತ್ತಿದ್ದಳು. ಆ ಒಂದು ಮಾತು ನಾಲ್ಕಾಯಿತು. ನಾಲ್ಕು ಮಾತು ಹರಟೆಯಾಯಿತು.

"ನಿಮ್ಮ ಮುಖ ನಾನಿನ್ನೂ ನೋಡೇ ಇಲ್ಲ."

"ನೋಡೋಕೆ ಏನಿದೆ? ಮೂಗಿದೆ, ಬಾಯಿದೆ."

"ಬಾಯಿ ಇದೆ ಅಂತ ಗೊತ್ತು. ಮೊದಲನೇ ದಿನಾನೇ ಗೊತ್ತಾಯ್ತು."

"ಹೋಗ್ರೀ!"

ಫೋನ್ ಇಟ್ಟ ಮೇಲೂ ಅವಳ ಕಿವಿ ಬಿಸಿಯಾಗಿರುತ್ತಿತ್ತು. ಭೇಟಿಯ ದಿನ ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಮುಖದ ಮುಕ್ಕಾಲು ಭಾಗ ಮುಚ್ಚಿರುವಾಗ ಈ ಅಲಂಕಾರ ಯಾರಿಗೆ ಎಂದು ತನ್ನನ್ನೇ ಬೈದುಕೊಂಡು ಮತ್ತೆ ಬಾಚಣಿಗೆ ಎತ್ತಿಕೊಳ್ಳುತ್ತಿದ್ದಳು.

'ಇದು ಬೇಡ... ಇದೆಲ್ಲ ಆಗೋ ಕಾಲವಾ ಇದು?' ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಯಾವತ್ತು ಯಾರ ಮಾತು ಕೇಳಿದೆ?

ಅಷ್ಟರಲ್ಲಿ ಆ ನಾಡಿನ ದೊಡ್ಡ ಹಬ್ಬ ಕ್ರಿಸ್‌ಮಸ್ ಹತ್ತಿರ ಬಂತು. ಅದರ ಜೊತೆಗೇ ವಾದವೂ ಬಂತು.

ಹಬ್ಬಕ್ಕೆ ಮೂರು ದಿನ ಜನ ಊರಿಂದ ಊರಿಗೆ ಹೋಗಬಹುದು, ಒಂದು ಮನೆಯವರು ಇನ್ನೊಂದು ಮನೆಗೆ ಹೋಗಬಹುದು ಎಂದು ಸರ್ಕಾರ ಹೇಳಿತ್ತು. ಟಿವಿಯಲ್ಲಿ ಬೆಳಗಿಂದ ಸಂಜೆಯವರೆಗೆ ಅದೇ ಚರ್ಚೆ. ಬಿಡಬೇಕು ಎನ್ನುವವರು ಒಂದು ಕಡೆ, ಬಿಡಬಾರದು ಎನ್ನುವವರು ಇನ್ನೊಂದು ಕಡೆ. ಆಶ್ರಮದ ಹಜಾರದಲ್ಲೂ ಎರಡು ಪಕ್ಷ ಹುಟ್ಟಿಕೊಂಡವು.

"ಸತ್ರೆ ಸಾಯ್ತೀನಿ, ಮೊಮ್ಮಗೂನ ಒಂದ್ಸಲ ಎತ್ಕೊಂಡು ಸಾಯ್ತೀನಿ," ಕಿಟಕಿ ಪಕ್ಕದ ಅಜ್ಜಿ ಅಂದರು.

"ನೀವು ಸಾಯಿರಿ ತಾಯಿ. ಪಕ್ಕದ ಮಂಚದಲ್ಲಿ ಮಲಗೋ ನಾನು ಯಾಕೆ ಸಾಯ್ಲಿ?" ಇನ್ನೊಬ್ಬರು ಕೇಳಿದರು.

"ದಿನವಿಡೀ ನಮ್ಮ ಬಗ್ಗೇನೇ ಮಾತಾಡ್ತಾರೆ," ಮೂಲೆಯಲ್ಲಿದ್ದ ನಿವೃತ್ತ ಮೇಷ್ಟ್ರು ಟಿವಿ ಕಡೆ ಕೋಲು ತೋರಿಸಿದರು. "ನಿಮಗೇನು ಬೇಕು ಅಂತ ನಮ್ಮನ್ನ ಒಬ್ಬನಾದ್ರೂ ಕೇಳಿದ್ನಾ?"

ಮನೆಯವರನ್ನೆಲ್ಲ ಮೊಬೈಲ್ ಪರದೆಯ ಮೇಲೆ ಸೇರಿಸಿ ಮ್ಯಾನೇಜರ್ ಒಂದು ಸಭೆ ಕರೆದರು. ಆ ಮೂರು ದಿನ ಒಳಗೆ ಬಿಡಬೇಕೋ ಬೇಡವೋ? ಪುಟ್ಟ ಪುಟ್ಟ ಚೌಕಗಳಲ್ಲಿ ಕೂತ ಮಕ್ಕಳು, ಸೊಸೆಯಂದಿರು ಒಬ್ಬರ ಮೇಲೊಬ್ಬರು ಮಾತಾಡಿದರು. ಒಂದು ಚೌಕದಲ್ಲಿ ಅವನೂ ಇದ್ದ.

"ನಮ್ಮಮ್ಮ ದಿನದಿನಕ್ಕೂ ಮರೀತಿದ್ದಾಳೆ," ಎಂದ. "ಕಾಯಿಲೆ ಹೋಗೋವರೆಗೂ ಕಾಯಿರಿ ಅಂತೀರಿ. ಅಷ್ಟರಲ್ಲಿ ಅವಳಿಗೆ ನಾನು ಯಾರು ಅನ್ನೋದೇ ಹೋಗಿಬಿಟ್ರೆ? ಆಮೇಲೆ ಬಾಗಿಲು ತೆಗೆದು ಏನು ಮಾಡ್ತೀರಿ?"

ಕೀಲಿ ಎದ್ದು ನಿಂತಳು.

"ಇಲ್ಲಿ ಹೋದವರ ಚೀಲ ಕಟ್ಟಿದವಳು ನಾನು. ನೀವ್ಯಾರೂ ಅದನ್ನ ನೋಡಿಲ್ಲ. ಒಬ್ಬರು ತಬ್ಕೊಂಡು ಹೋದ್ರೆ ಅದು ಒಬ್ಬರಿಗೇ ನಿಲ್ಲಲ್ಲ. ದಯವಿಟ್ಟು ಬೇಡ... ಇನ್ನೊಂದು ಸ್ವಲ್ಪ ದಿನ ತಡೀರಿ."

"ನಿಮ್ಮಮ್ಮ ಇದ್ದಿದ್ರೆ ಹೀಗೇ ಹೇಳ್ತಿದ್ರಾ?" ಅವನು ಕೇಳಿಬಿಟ್ಟ.

ಅವಳಿಗೆ ಅಮ್ಮ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಅವಳೇ ಗಾಜಿನ ಈಚೆಯಿಂದ ಒಂದು ದಿನ ಹೇಳಿದ್ದಳು.

ಮಾತು ಬಾಯಿಂದ ಜಾರಿದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ಅವಳು ಕೂತಳು. ಮ್ಯಾನೇಜರ್ ಹೆಚ್ಚು ಜನರ ಮಾತಿಗೆ ಓಗೊಟ್ಟರು. ಮೂರು ದಿನ ಬಾಗಿಲು ತೆರೆಯುವುದೆಂದು ತೀರ್ಮಾನವಾಯಿತು.

ಅದರ ಮರುಭೇಟಿಯಲ್ಲಿ ಅವನು ಅಮ್ಮನಿಗೆ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು. "ಕ್ರಿಸ್‌ಮಸ್‌ಗೆ ಗೆರೆ ಇರಲ್ಲ ಅಮ್ಮ!"

"ನಿಜವೇನೋ?"

"ನಿನ್ನಾಣೆ!"

ಕಂಡಕ್ಟರಮ್ಮ ಅಂದಿನಿಂದ ಮಲಗುವ ಮುಂಚೆ ಕೀಲಿಯ ಕೈ ಹಿಡಿದು ಕೇಳುವರು, "ನಾಳೆ ಗೆರೆ ಹೋಗುತ್ತೇನೇ?"

* * *

ಹಬ್ಬ ಇನ್ನೇನು ಬಂತು ಅನ್ನುವಾಗ ಎಲ್ಲ ತಲೆಕೆಳಗಾಯಿತು.

ಕಾಯಿಲೆ ಹೊಸ ರೂಪ ತಾಳಿ ಮತ್ತೂ ವೇಗವಾಗಿ ಹರಡುತ್ತಿದೆ, ಓಡಾಟ ಬಂದ್, ಒಬ್ಬರ ಮನೆಗೆ ಒಬ್ಬರು ಹೋಗುವಂತಿಲ್ಲ ಎಂದು ಸರ್ಕಾರ ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿತು. ರೈಲು ನಿಲ್ದಾಣದಲ್ಲಿ ಸೂಟ್‌ಕೇಸ್ ಹಿಡಿದ ಜನ ಪೆಚ್ಚಾಗಿ ನಿಂತಿದ್ದುದನ್ನು ಟಿವಿಯಲ್ಲಿ ತೋರಿಸಿದರು. ಮೇಷ್ಟ್ರು ಎದ್ದು ಹೋಗಿ ಟಿವಿ ಆರಿಸಿದರು.

ಸುದ್ದಿ ಕೇಳಿದಾಗ ಕೀಲಿಗೆ ಮೊದಲು ಆದದ್ದು ಸಮಾಧಾನ. ಮರುಕ್ಷಣವೇ ಆ ಸಮಾಧಾನದ ಮೇಲೆ ನಾಚಿಕೆ. ಮನೆಯವರಿಗೆಲ್ಲ ಫೋನ್ ಮಾಡಿ ತಿಳಿಸುವ ಕೆಲಸವೂ ಅವಳ ಹೆಗಲಿಗೇ ಬಿತ್ತು.

"ಗೆದ್ರಿ ಅಲ್ವಾ?" ಅವನು ಅಷ್ಟೇ ಕೇಳಿದ.

"ಇದರಲ್ಲಿ ಗೆಲ್ಲೋಕೆ ಏನಿದೆ?"

ಅವನು ಫೋನ್ ಇಟ್ಟುಬಿಟ್ಟ. ಅವಳು ಉಗ್ರಾಣಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಬಾಯಿಗೆ ಬಟ್ಟೆ ಒತ್ತಿ ಅತ್ತಳು.

ಹಬ್ಬದ ಹಿಂದಿನ ಮಧ್ಯಾಹ್ನ ಅವನ ಭೇಟಿ ಇತ್ತು. ಗಾಜಿನ ಆಚೆಯಿಂದ, ಎಂದಿನಂತೆ. 'ಗೆರೆ ಹೋಗಲ್ಲವಂತೆ' ಎಂದು ಬೆಳಿಗ್ಗೆಯೇ ಕಂಡಕ್ಟರಮ್ಮನಿಗೆ ಹೇಳಿದ್ದಳು. ಅವರು ಕಣ್ಣೊರೆಸಿಕೊಂಡಿದ್ದರು. ಊಟದ ಹೊತ್ತಿಗೆ ಅದನ್ನು ಮರೆತು, ಒಳ್ಳೆಯ ಸ್ವೆಟರು ಹಾಕಿಕೊಂಡು ತಯಾರಾಗಿದ್ದರು.

ಅವರನ್ನು ಕರೆತರುವ ಮೊದಲು ಕೀಲಿ ಒಬ್ಬಳೇ ಆ ಕೋಣೆಗೆ ಹೋದಳು. ಅವನು ದಪ್ಪ ಕೋಟು ಹಾಕಿಕೊಂಡು ಗಾಜಿಗೆ ತೀರ ಹತ್ತಿರ ನಿಂತಿದ್ದ. ಮುಖ ಬಾಡಿತ್ತು. ಇಬ್ಬರೂ ಒಟ್ಟಿಗೇ ರಿಸೀವರ್ ಎತ್ತಿದರು.

"ಕ್ಷಮಿಸಿ..." ಎಂದಳು.

"ನೀವ್ಯಾಕೆ? ಅವತ್ತು ನಿಮ್ಮಮ್ಮನ ವಿಷಯ ಎತ್ತಬಾರದಿತ್ತು ನಾನು. ರಾತ್ರಿಯೆಲ್ಲ ನನ್ನನ್ನ ನಾನೇ ಉಗಿದ್ಕೊಂಡೆ."

"ನನಗೂ ಬಾಗಿಲು ತೆಗೀಬೇಕು ಅಂತ ಆಸೆ ಇರಲ್ವಾ? ನಾನೇನು ಕಲ್ಲಾ?"

"ಅಲ್ಲ ಅಂತ ಗೊತ್ತು."

ಅವನ ದನಿ ಇಳಿಯಿತು. "ಒಂದು ಕೇಳ್ಲಾ? ಮಧ್ಯೆ ಗಾಜಿದೆಯಲ್ಲ... ಒಂದೇ ಒಂದ್ಸಲ ಮಾಸ್ಕ್ ತೆಗೀತೀರಾ?"

ತೆಗೆದರೆ ತಪ್ಪೇನಿಲ್ಲ, ಗಾಜಿದೆ. ಅವಳು ಒಂದು ಕಿವಿಯಿಂದ ದಾರ ಬಿಡಿಸಿದಳು.

ಅವನು ನೋಡುತ್ತಲೇ ನಿಂತ.

"ಏನು? ಮೂಗಿದೆ, ಬಾಯಿದೆ ಅಂದಿದ್ದೆನಲ್ಲ..." ಅವಳು ನಾಚಿ ನಕ್ಕಳು. ಕೆನ್ನೆಯ ಮೇಲೆ ಮಾಸ್ಕಿನ ಗೆರೆಗಳು ಹಾಗೇ ಮೂಡಿದ್ದವು.

"ಹಾಗೇ ಇರಿ. ಅಲ್ಲಾಡಬೇಡಿ."

ಅವಳ ಮುಖಕ್ಕೆ ಅಡ್ಡವಾಗಿ ಏನೋ ಒಂದಿತ್ತು. ಅವನ ಕೈ ತನ್ನಷ್ಟಕ್ಕೆ ಮೇಲೆದ್ದಿತು. ಹೆಬ್ಬೆರಳ ಉಗುರು ಅಂಚನ್ನು ಹುಡುಕಿತು, ಎಬ್ಬಿಸಿತು, ನಿಧಾನವಾಗಿ ಎಳೆಯಿತು. ಬೆರಳುಗಳು ಅದನ್ನು ಉಂಡೆ ಸುತ್ತಿ ಕೋಟಿನ ಜೇಬಿಗೆ ಹಾಕಿದವು. ವರ್ಷಗಟ್ಟಲೆ ಗಾಜು ಕೂರಿಸಿ ಮುಗಿದ ಮೇಲೆಲ್ಲ ಟೇಪು ಕಿತ್ತ ಹಾಗೆಯೇ. ಅವನ ಕಣ್ಣು ಒಂದು ಸಲವೂ ಕೈಯ ಕಡೆ ತಿರುಗಲಿಲ್ಲ.

ಅವಳ ಕಣ್ಣಿಗೆ ಅದು ಬಿತ್ತು. ಆದರೆ ತಲೆಗೆ ಹೋಗಲಿಲ್ಲ! ತನ್ನನ್ನು ಹಾಗೆ ನೋಡುತ್ತಿದ್ದ ಆ ಎರಡು ಕಣ್ಣುಗಳ ಮುಂದೆ ಅವಳಿಗೆ ಜಗತ್ತಿನ ಎಲ್ಲ ಕೀಲಿಗಳೂ ಮರೆತುಹೋಗಿದ್ದವು.

"ಅಮ್ಮನ್ನ ಕರ್ಕೊಂಡು ಬರ್ತೀನಿ," ಎಂದು ಮಾಸ್ಕ್ ಹಾಕಿಕೊಂಡು, ತೇಲುತ್ತಿರುವವಳಂತೆ ಹೋದಳು.

ಕಂಡಕ್ಟರಮ್ಮ ಎಂದಿನಂತೆ ಬಾಗಿಲಲ್ಲಿ ನಿಂತರು. ಎಂದಿನಂತೆ ಗೆರೆ ಹುಡುಕಿದರು.

ಗೆರೆ ಇರಲಿಲ್ಲ.

"ಹೋಯ್ತು! ಹೋಯ್ತು ಕಣೇ!"

ಆ ಮುಖದಲ್ಲಿ ಅಂಥ ಸಂತೋಷವನ್ನು ಕೀಲಿ ಎಂದೂ ಕಂಡಿರಲಿಲ್ಲ. ಅವರ ಕೈ ಅವಳ ಹಿಡಿತದಿಂದ ಜಾರಿತು. ಎರಡೂ ತೋಳು ಚಾಚಿ, ಆ ವಯಸ್ಸಿಗೆ ಮೀರಿದ ರಭಸದಲ್ಲಿ, ಅವರು ಮಗನ ಕಡೆ ಓಡಿದರು.

"ಅಮ್ಮಾ! ಬೇಡ!" ಆಚೆಯಿಂದ ಅವನು ಕೂಗಿದ್ದು ಈಚೆ ಯಾರಿಗೂ ಕೇಳಿಸಲಿಲ್ಲ.

ಸದ್ದು ಮಾತ್ರ ಇಬ್ಬರಿಗೂ ಕೇಳಿಸಿತು.

* * *

ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್ ಬಂತು. ಅವನನ್ನು ಜೊತೆಗೆ ಹತ್ತಲು ಬಿಡಲಿಲ್ಲ.

ಮೂಳೆ ಸೇರಿಸಿದರು. ಆದರೆ ಯಾವುದಕ್ಕೆ ಹೆದರಿ ಇಷ್ಟು ದಿನ ಬಾಗಿಲು ಹಾಕಿದ್ದರೋ, ಆ ಕಾಯಿಲೆ ಅವರಿಗೆ ಆಸ್ಪತ್ರೆಯಲ್ಲೇ ಅಂಟಿತು. ಕೊನೆಯ ಬಾರಿ ಯಾರೋ ನರ್ಸ್ ಮೊಬೈಲ್ ಹಿಡಿದು ಮಗನನ್ನು ತೋರಿಸಿದಾಗ, ಕಂಡಕ್ಟರಮ್ಮ ಪರದೆಯ ಮೇಲೆ ಬೆರಳಾಡಿಸಿ ಏನನ್ನೋ ಹುಡುಕುತ್ತಿದ್ದರಂತೆ. ಜನವರಿ ಮುಗಿಯುವವರೆಗೂ ಅವರು ಉಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಬಂದ. ಗಾಜಿನ ಆಚೆ ನಿಂತು ರಿಸೀವರ್ ಎತ್ತಿದ. ಕೆಲವೇ ವಾರಗಳಲ್ಲಿ ಹತ್ತು ವರ್ಷ ಮುದುಕನಾಗಿದ್ದ.

"ಅವತ್ತು ಟೇಪು ಇರಲಿಲ್ಲ," ಎಂದ. "ನಾನು ನನ್ನ ಕೈಯಾರೆ ಹಚ್ಚಿದ್ದೆ. ಯಾರು ಕಿತ್ತಿದ್ದು?"

ಕೀಲಿ ಅವನನ್ನೇ ನೋಡಿದಳು.

ಅವನಿಗೆ ಗೊತ್ತಿಲ್ಲ! ನಿಜವಾಗಿಯೂ ಗೊತ್ತಿಲ್ಲ...

ಆ ಮಧ್ಯಾಹ್ನವನ್ನು ಅವಳು ಎಷ್ಟು ಸಲ ಕಣ್ಮುಂದೆ ತಂದುಕೊಂಡಿದ್ದಳೋ ಲೆಕ್ಕವಿಲ್ಲ. ಆ ಹೆಬ್ಬೆರಳು, ಆ ಉಗುರು, ಮೆಲ್ಲಗೆ ಏಳುತ್ತಿದ್ದ ಆ ಹಳದಿ ಅಂಚು, ಎಲ್ಲವೂ ಅವಳಿಗೆ ಈಗ ಸ್ಪಷ್ಟವಾಗಿ ನೆನಪಿತ್ತು. ಒಂದು ಮಾತು ಸಾಕಿತ್ತು. 'ನೀವೇ' ಎಂದರೆ ಮುಗಿಯಿತು. ಆದರೆ ತಾಯಿಯನ್ನು ಕಳೆದುಕೊಂಡು ನಿಂತವನ ಕೈಗೆ ಅದನ್ನು ಹೇಗೆ ಕೊಡಲಿ? ಇವನು ಇದನ್ನು ಹೊತ್ತು ಮನೆಗೆ ಹೋಗುತ್ತಾನೆಯೇ? ಹೋದರೂ ನಾಳೆ ಬೆಳಿಗ್ಗೆ ಏಳುತ್ತಾನೆಯೇ?

"ನಾನೇ," ಎಂದಳು.

"ಏನು?"

"ನಾನೇ ಕಿತ್ತಿದ್ದು. ಒರೆಸೋಕೆ ಆ ಕಡೆ ಬಂದಿದ್ದೆ... ಮತ್ತೆ ಅಂಟಿಸೋದು ಮರೆತೆ."

"ಒಬ್ಬರ ತಪ್ಪು ಒಬ್ಬರಿಗೇ ನಿಲ್ಲಲ್ಲ ಅಂತ ಊರಿಗೆಲ್ಲ ಬುದ್ಧಿ ಹೇಳಿದವರು ನೀವು... ನೀವು ಮರೆತ್ರಾ?"

"ಹೂಂ."

"ನಿಮ್ಮ ಮುಖ ನೋಡಿ ನಾನು..." ಅವನು ರಿಸೀವರ್ ಕೈಬಿಟ್ಟು ಹೊರಟುಹೋದ. ಅದು ತಂತಿಗೆ ಜೋತುಬಿದ್ದು ಓಲಾಡುತ್ತಲೇ ಇತ್ತು.

ಅಂದೇ ಕೀಲಿಗೊಂಚಲನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, "ನನ್ನನ್ನ ಬಟ್ಟೆ ಒಗೆಯೋ ಕಡೆ ಹಾಕಿಬಿಡಿ ಸರ್," ಎಂದಳು. ಅವರು ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಹಿತ್ತಲ ಗೇಟಿನ ಕೀಲಿ ಒಂದನ್ನು ಮಾತ್ರ ಇಟ್ಟುಕೊಂಡಳು. ಒಣಹಾಕಲು ಅದು ಬೇಕಿತ್ತು.

* * *

ಲಸಿಕೆ ಬಂತು. ಮುದುಕರು ಸಾಲಾಗಿ ಅಂಗಿಯ ತೋಳು ಮಡಚಿ ಕೂತರು. ಟಿವಿಯಲ್ಲಿ ವಾದ ನಿಲ್ಲಲಿಲ್ಲ. ಹಬ್ಬಕ್ಕೆ ಮುಚ್ಚಿದ್ದು ಸರಿಯೇ, ಮೊದಲು ಬಿಡುತ್ತೇವೆಂದು ಆಸೆ ಹುಟ್ಟಿಸಿದ್ದು ತಪ್ಪೇ ಎಂದು ಇನ್ನೂ ಜಗಳವಾಡುತ್ತಿದ್ದರು. ಬಯಲಲ್ಲಿ, ದೂರ ನಿಂತು ಭೇಟಿಯಾಗಬಹುದು ಎಂಬಷ್ಟಕ್ಕೆ ನಿಯಮ ಸಡಿಲವಾಯಿತು.

ಅಮ್ಮನ ಚೀಲ ಒಯ್ಯಲು ಅವನಿಗೆ ಫೋನ್ ಹೋಯಿತು. ಹಲವು ಸಲ ಹೋಗಿತ್ತು. ಅವನೇ ಮುಂದೂಡುತ್ತಿದ್ದ.

ಕೊನೆಗೆ ಹೊರಟ ಬೆಳಿಗ್ಗೆ ಚಳಿ ಇನ್ನೂ ಕೊರೆಯುತ್ತಿತ್ತು. ಗೂಟದಲ್ಲಿ ಆವತ್ತಿನಿಂದ ಮುಟ್ಟದೆ ಬಿಟ್ಟಿದ್ದ ಕೋಟನ್ನು ತೆಗೆದು ಹಾಕಿಕೊಂಡ. ಆಶ್ರಮದ ಗೇಟಿನ ಹತ್ತಿರ ಕೈ ಸೆಟೆದುಕೊಂಡಾಗ ಜೇಬಿಗೆ ತೂರಿಸಿದ.

ಬೆರಳಿಗೆ ಏನೋ ತಗಲಿತು. ಗಟ್ಟಿಯಾದ ಒಂದು ಉಂಡೆ.

ಹೊರಗೆ ತೆಗೆದು ನೋಡಿದ.

ಹಳದಿ.

ಒಂದು ಕ್ಷಣ ಅದೇನೆಂದು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮಾಸ್ಕಿಲ್ಲದ ಅವಳ ಮುಖ... ಅದಕ್ಕೆ ಅಡ್ಡವಾಗಿದ್ದ ಏನೋ... ತನ್ನ ಉಗುರು... ಅವನು ಅಲ್ಲೇ ರಸ್ತೆಯ ಬದಿ ಕುಕ್ಕರಿಸಿ ಕೂತುಬಿಟ್ಟ. ದಾರಿಹೋಕರೊಬ್ಬರು ದೂರದಿಂದಲೇ "ಏನಾಯ್ತಪ್ಪಾ?" ಎಂದು ಕೇಳಿದರು.

ಎಷ್ಟು ಹೊತ್ತಾದ ಮೇಲೋ ಎದ್ದ. ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲ ಕಡೆ ಹೋದ. ಅವಳು ಈಗ ಅಲ್ಲಿ ಬಟ್ಟೆ ಒಗೆಯುತ್ತಾಳೆಂದು ಫೋನ್ ಮಾಡಿದವರು ಹೇಳಿದ್ದರು.

ಅವಳು ಒದ್ದೆ ಬೆಡ್‌ಶೀಟು ಹಿಂಡಿ ತಂತಿಗೆ ಹಾಕುತ್ತಿದ್ದಳು. ಸೋಪಿನ ನೀರಿಗೆ ಕೈ ಬಿರುಕುಬಿಟ್ಟಿತ್ತು. ಕಬ್ಬಿಣದ ಸರಳಿನ ಗೇಟಿನ ಆಚೆ ಅವನನ್ನು ಕಂಡವಳೇ, "ಚೀಲ ತರ್ತೀನಿ," ಎಂದು ಒಳಗೆ ಹೋಗಿ ತಂದಳು. ಅವನು ನಿಂತಲ್ಲೇ ನಿಂತಿದ್ದ. ಚಾಚಿದ ಅವನ ಅಂಗೈಯಲ್ಲಿ ಆ ಉಂಡೆ ಇತ್ತು.

ಅವಳ ಕೈಯಿಂದ ಚೀಲ ಜಾರಿ ನೆಲಕ್ಕೆ ಬಿತ್ತು. ಒಳಗೆ ವಿಶಲ್ ಟಿಣ್ ಎಂದಿತು.

"ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ."

"ಸುಳ್ಳು! ನಾನು ಕೊಂದೆ ಅವಳನ್ನ... ನಾನು! ಗೆರೆ ಹೋದ್ರೆ ಗಾಜು ಹೋಗುತ್ತೆ ಅಂತ ಹೇಳ್ಕೊಟ್ಟವನೂ ನಾನು, ಗೆರೆ ಕಿತ್ತವನೂ ನಾನು! ನೀವು ಯಾಕೆ ಹೊತ್ಕೊಂಡ್ರಿ?"

"ಅರ್ಧ ನಂದೇ ಆಗಿತ್ತು." ಅವಳ ದನಿ ಸಣ್ಣಗಿತ್ತು. "ನೀವು ಕೀಳೋವಾಗ ನಾನು ನೋಡ್ತಿದ್ದೆ. ನನ್ನ ಕಣ್ಣೆದುರೇ ಕಿತ್ರಿ. ಬಾಗಿಲು ಕಾಯೋಳು ನಾನು... 'ರೀ, ಏನು ಮಾಡ್ತಿದ್ದೀರಿ' ಅಂತ ಒಂದು ಮಾತು ಬರಲಿಲ್ಲ ನನ್ನ ಬಾಯಿಗೆ. ಯಾಕೆ ಬರಲಿಲ್ಲ ಗೊತ್ತಾ? ನೀವು ನನ್ನನ್ನ ನೋಡ್ತಿದ್ರಿ. ಅದು ನಿಲ್ಲೋದು ನನಗೆ ಬೇಡವಾಗಿತ್ತು."

ಅವನು ಸರಳಿಗೆ ಹಣೆ ಒತ್ತಿ ಅತ್ತ. ಮಕ್ಕಳ ಹಾಗೆ, ಸದ್ದು ಮಾಡಿ ಅತ್ತ. ಅವಳು ತಡೆಯಲಿಲ್ಲ. 'ನಿಮ್ಮ ತಪ್ಪಲ್ಲ' ಎಂದು ಹೇಳಲೂ ಇಲ್ಲ. ಅಂಥ ಮಾತಿನಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಿಮ್ಮ ಮುಖ ನೆನೆದಾಗಲೆಲ್ಲ ಆ ಸದ್ದು ಕೇಳಿಸುತ್ತೆ," ಅಳು ತಗ್ಗಿದ ಮೇಲೆ ಅವನು ಹೇಳಿದ.

"ನನಗೂ."

"ಆದ್ರೂ ನೆನೀತೀನಿ. ಬೈಯೋಕೆ ಅಂತ ನೆನೆಸ್ಕೊಂಡ್ರೂ... ಕೊನೆಗೆ ನಿಮ್ಮ ನಗುವಿಗೇ ಬಂದು ನಿಲ್ಲುತ್ತೆ. ನನಗೆ ನೀವು ಬೇಕು ಅನ್ಸುತ್ತೆ. ಹಾಗೆ ಅನ್ಸಿದ ತಕ್ಷಣ ನನ್ನ ಮೇಲೇ ಹೇಸಿಗೆ ಆಗುತ್ತೆ. ಇದನ್ನ ಇಟ್ಕೊಂಡು ಹೇಗೆ ಬದುಕೋದು?"

"ಗೊತ್ತಿಲ್ಲ," ಎಂದಳು. ಕಣ್ಣಿಂದ ಇಳಿದದ್ದು ಮಾಸ್ಕಿನೊಳಗೆ ಸೇರಿಹೋಯಿತು. "ಒಬ್ಬೊಬ್ರೇ ಆದ್ರೆ ಆಗಲ್ಲ ಅನ್ಸುತ್ತೆ. ನಾನು ನೋಡಿದೀನಿ ಪ್ರಯತ್ನ ಮಾಡಿ."

ಒದ್ದೆ ಬೆಡ್‌ಶೀಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಬಗ್ಗಿ ಚೀಲ ಎತ್ತಿಕೊಂಡು, ಒಳಗಿಂದ ವಿಶಲ್ ತೆಗೆದು ಮುಷ್ಟಿಯಲ್ಲಿ ಹಿಡಿದಳು.

ಅವನು ಕಣ್ಣೊರೆಸಿಕೊಂಡ. ಜಾರಿದ್ದ ಮಾಸ್ಕನ್ನು ಯಾರೂ ಹೇಳದೆಯೇ ಮೂಗಿನ ಮೇಲೆ ಎಳೆದುಕೊಂಡ.

"ಕೀಲಿ... ಬಾಗಿಲು ತೆಗೀರಿ."

"ತೆಗೆದೇ ಇದೆ. ತಳ್ಳಿ."

ಗೇಟು ಕಿರುಗುಟ್ಟಿ ಒಳಕ್ಕೆ ಸರಿಯಿತು. ಆದರೆ ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಒಂದು ಅಂಗೈ ಮುಂದೆ ಚಾಚಿ, ಬರೀ ಗಾಳಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವಳಿಗೆ ಅರ್ಥವಾಯಿತು.

"ಎಲ್ಲಾದ್ರೂ ಗಾಜಿದ್ರೆ?" ಎಂದ.

ಅವಳು ಅವನ ಹಿಂದೆ ನೋಡಿದಳು, ಮುಂದೆ ನೋಡಿದಳು. ಆಮೇಲೆ ತನ್ನ ಬಿರುಕುಬಿಟ್ಟ ಅಂಗೈಯನ್ನು ಎತ್ತಿ, ಗಾಯದ ಗುರುತುಗಳಿದ್ದ ಅವನ ಅಂಗೈಗೆ ತಾಗಿಸಿ ಹಿಡಿದಳು.

"ಇಲ್ಲ. ಇವತ್ತು ಸರಿಯಾಗಿ ನೋಡಿದೀನಿ... ರೈಟ್."